ಐಸು ಮೊದಲು, ಕೋಲ್ಡ್ ಸ್ಟೋರೇಜ್ ಆಮೇಲೆ

ನಾನು ಎರೆಹೊಲದ ಒಣಬೇಸಾಯದವನು. ಜೋಳ, ಕಡಲೆ, ಮೆಣಸಿನಕಾಯಿ ಬೆಳೆಯುತ್ತೇನೆ. ಇವನಿಗೇಕೆ ಮೀನಿನ ಉಸಾಬರಿ ಅಂತ ನಿಮಗೆ ಅನ್ನಿಸಬಹುದು. 2003ರ ಬರದಲ್ಲಿ ಹೊಟ್ಟೆಪಾಡಿಗೆ ನಾಲ್ಕು ತಿಂಗಳು ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತಿದ್ದೇನೆ. ನಮ್ಮ ಕೊಪ್ಪಳ, ರಾಯಚೂರು ಕಡೆಯ ಬಹಳ ಮಂದಿ ಇವತ್ತಿಗೂ ಅಲ್ಲಿ ದುಡಿಯುತ್ತಾರೆ. ನನ್ನ ತಂಗಿಯ ಮಗ ಈಗ ಟ್ರಾಲ್ ಬೋಟಿನಲ್ಲಿದ್ದಾನೆ. ಸುಗ್ಗಿ ಮುಗಿಸಿ ಅವನನ್ನು ನೋಡಲು ಹೋಗಿದ್ದೆ.

ಇನ್ನೊಂದು ಕಾರಣವೂ ಇತ್ತು. ನಮ್ಮ ಹೋಬಳಿಗೆ ಒಂದು ಕೋಲ್ಡ್ ಸ್ಟೋರೇಜ್ ಬೇಕು ಅಂತ ನಾವು ಹತ್ತಾರು ರೈತರು ಅರ್ಜಿ ಹಿಡಿದು ಅಡ್ಡಾಡುತ್ತಿದ್ದೆವು. ಹೊರದೇಶಕ್ಕೆ ಮೀನು ಕಳಿಸುವವರು ತಂಪನ್ನು ಹೇಗೆ ನಡೆಸುತ್ತಾರೆ ನೋಡೋಣ ಅಂತ ಆಸೆ.

ಒಂದೇ ಮೀನು, ಎರಡು ದರ

ಬೆಳಗಿನ ಜಾವ ದಕ್ಕೆಯಲ್ಲಿ ಎರಡು ಬೋಟಿನ ಬೊಂಡಾಸ್ ಇಳಿದಿತ್ತು. ಒಂದು ರಾಶಿ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನೊಂದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬೆಳ್ಳಗಿನದನ್ನು ರಫ್ತು ಕಾರ್ಖಾನೆಯವರು ಬಂದ ಕೂಡಲೇ ಎತ್ತಿದರು. ಗುಲಾಬಿ ರಾಶಿಗೆ ಅದರ ಅರ್ಧ ದರವೂ ಸಿಗಲಿಲ್ಲ. ಅದು ನನ್ನ ಅಳಿಯ ಇದ್ದ ಬೋಟಿನ ಮಾಲು.

"ಯಾಕಪ್ಪಾ ಹಿಂಗಾತು?" ಅಂದೆ.

"ಐಸ್ ಕಡಿಮಿ ಬಿತ್ತು ಮಾವಾ. ಎಂಟು ದಿನಕ್ಕಂತ ಹೋದವರು ಹನ್ನೊಂದು ದಿನ ಮಾಡಿದ್ವಿ. ಮೊದಲಿನ ದಿನದ ಮಾಲು ತಳದಾಗ ಉಳದು ಕೆಟ್ಟತು."

ಬೋಟಿನ ಯಜಮಾನರು ಪಕ್ಕದಲ್ಲೇ ಇದ್ದರು. "ಐಸಿನ ದುಡ್ಡು ಉಳಿಸ್ಲಿಕ್ಕೆ ಹೋಗಿ ಮೀನಿನ ದುಡ್ಡು ಕಳ್ಕೊಂಡದ್ದು ಮಾರಾಯ್ರೆ" ಅಂದರು. ಮಾಲಿನ ದರ ಇಳಿದ ಮೇಲೆ ಹುಡುಗರ ಪಾಲೂ ಇಳಿಯಿತು. ಊರಿನ ಸಾಲದ ಕಂತಿಗೆ ಅಂತ ಅಳಿಯ ಹಾಕಿದ್ದ ಲೆಕ್ಕ ಅಲ್ಲಿಗೇ ಮುಗಿಯಿತು.

ಐಸಿನ ಲೆಕ್ಕ

ಬಲೆಯಿಂದ ಬಂದಾಗ ಮೀನಿನ ಮೈ ಸಮುದ್ರದ ನೀರಿನಷ್ಟೇ ಬೆಚ್ಚಗೆ, ಅಂದರೆ 28-30 ಡಿಗ್ರಿ ಇರುತ್ತದೆ. ಅದನ್ನು ಸೊನ್ನೆ ಡಿಗ್ರಿಗೆ ಇಳಿಸಲು ಒಂದು ಕಿಲೋ ಮೀನಿಗೆ ಮೂರನೇ ಒಂದು ಪಾಲು ಕಿಲೋ ಐಸ್ ಸಾಕು. ಆದರೆ ಬಿಸಿಲು ಕಾಯುತ್ತದೆ, ಎಂಜಿನ್ ಕಾಯುತ್ತದೆ, ಬೋಟಿನ ಗೋಡೆಯಿಂದ ಶಾಖ ಒಳಗೆ ಬರುತ್ತದೆ. ಹಾಗಾಗಿ ನಮ್ಮಂಥ ಸೆಕೆಯ ದೇಶದಲ್ಲಿ ಕಿಲೋ ಮೀನಿಗೆ ಕಿಲೋ ಐಸ್ ಅನ್ನುವುದು ರೂಢಿಯ ಲೆಕ್ಕ. ದೂರ ಹೋದರೆ ಇನ್ನೂ ಹೆಚ್ಚು ಬೇಕು.

ಕಾರ್ಖಾನೆಯಲ್ಲಿ ಮೀನನ್ನು ತೊಳೆದು, ಗಾತ್ರ ನೋಡಿ ವಿಂಗಡಿಸಿ, ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಬೇಗ ಗಟ್ಟಿ ಮಾಡುತ್ತಾರೆ. ಆಮೇಲೆ ಮೈನಸ್ 18 ಅಥವಾ ಅದಕ್ಕೂ ಕೆಳಗೆ ಇಡುತ್ತಾರೆ. ಹಡಗು ಹತ್ತುವ ತನಕ, ಹತ್ತಿದ ಮೇಲೂ ಕಂಟೈನರಿನಲ್ಲಿ ಅದೇ ತಂಪು ಇರಬೇಕು. ನಡುವೆ ಒಂದು ಕಡೆ ತಪ್ಪಿದರೂ ಮಾಲು ಹೋಯಿತು. ಇಷ್ಟೆಲ್ಲ ಯಂತ್ರ ಇದ್ದರೂ, ಕೆಟ್ಟ ಮೀನನ್ನು ಒಳ್ಳೆಯದು ಮಾಡುವ ಯಂತ್ರ ಮಾತ್ರ ಇಲ್ಲ.

ಬಂಗುಡೆ, ಬೂತಾಯಿ ಜಾತಿಯ ಮೀನು ಬಿಸಿಯಲ್ಲಿ ಕೂತರೆ ಹಿಸ್ಟಮಿನ್ ಅನ್ನುವ ವಿಷ ಹುಟ್ಟುತ್ತದೆ. ಹುಟ್ಟಿದ ಮೇಲೆ ಕುದಿಸಿದರೂ ಹೋಗುವುದಿಲ್ಲ, ಐಸಿನಲ್ಲಿಟ್ಟರೂ ಹೋಗುವುದಿಲ್ಲ. ನಮ್ಮ ಶೇಂಗಾದಲ್ಲಿ ಬೂಸ್ಟು ಬಂದು ಹುಟ್ಟುವ ಅಫ್ಲಾಟಾಕ್ಸಿನ್ ಇದ್ದ ಹಾಗೆ. ಎರಡನ್ನೂ ಕೊಳ್ಳುವ ದೇಶದವರು ಪರೀಕ್ಷೆ ಮಾಡುತ್ತಾರೆ.

1997ರ ಪಾಠ

1997ರ ಆಗಸ್ಟ್‌ನಲ್ಲಿ ಯುರೋಪಿನ ಒಕ್ಕೂಟ ಶುಚಿತ್ವ ಸಾಲದು ಅಂತ ಭಾರತದ ಮೀನನ್ನು ನಿಲ್ಲಿಸಿತು. ಆಮೇಲೆ ಕಾರ್ಖಾನೆಗಳು ನೀರು, ಐಸು, ನೆಲ, ಗೋಡೆ, ಕೆಲಸದವರ ಕೈ ತೊಳೆಯುವ ಜಾಗ, ಎಲ್ಲವನ್ನೂ ಸರಿ ಮಾಡಿಕೊಂಡವು. ಒಂದೊಂದೇ ಕಾರ್ಖಾನೆಗೆ ತಪಾಸಣೆಯಾಗಿ ಒಪ್ಪಿಗೆ ಸಿಕ್ಕಿತು. 2023-24ರಲ್ಲಿ ನಮ್ಮ ದೇಶದಿಂದ 17.8 ಲಕ್ಷ ಟನ್ ಕಡಲ ಮಾಲು ಹೊರಗೆ ಹೋಗಿದೆ. ಬೆಲೆ 60,500 ಕೋಟಿ ರೂಪಾಯಿ. ಅದರಲ್ಲಿ ಮೂರರಲ್ಲಿ ಎರಡು ಪಾಲು ದುಡ್ಡು ಗಟ್ಟಿ ಮಾಡಿದ ಸಿಗಡಿಯದು.

ಕೋಲ್ಡ್ ಸ್ಟೋರೇಜ್ ಬೇಡ ಅಂತ ನಾನು ಹೇಳುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದವರು ನಮ್ಮ ಮಾಲಿನ ಮೇಲೆ ಶೇ. 50 ಸುಂಕ ಹಾಕಿದರು. ಅಂಥ ಹೊತ್ತಿನಲ್ಲಿ ಇಟ್ಟು ಕಾಯಲು ಜಾಗ ಇರಬೇಕು. ಆದರೆ ಬಾಡಿಗೆ ಕೊಟ್ಟು ಕಾಯಲಿಕ್ಕೂ ಮಾಲು ಒಳ್ಳೆಯದಿರಬೇಕಲ್ಲ?

ಮೊದಲು ಆಗಬೇಕಾದ್ದು

ಅಲ್ಲಿ ನೋಡಿ, ಕೇಳಿ ನಾನು ತಿಳಿದುಕೊಂಡದ್ದು ಇಷ್ಟು:

1. ಕುಡಿಯುವ ನೀರಿನಿಂದಲೇ ಐಸ್ ಮಾಡಬೇಕು. ಹೊಲಸು ನೀರಿನ ಐಸ್ ಹಾಕಿದರೆ ರೋಗ ಬಿತ್ತಿದ ಹಾಗೆ. ಐಸ್ ಬೋಟಿನ ಹತ್ತಿರವೇ, ಬೇಕಾದಷ್ಟು ಸಿಗಬೇಕು.

2. ಬೋಟಿನ ಮೀನಿನ ಕೋಣೆಗೆ ಶಾಖ ಒಳಬಾರದ ಗೋಡೆ ಇರಬೇಕು. ಆಗ ಅಷ್ಟೇ ಐಸ್ ಹೆಚ್ಚು ದಿನ ಬರುತ್ತದೆ.

3. ಮೀನು ನೆಲ ಮುಟ್ಟಬಾರದು. ನಾನು ಹೊರುವಾಗ ಬುಟ್ಟಿಯನ್ನು ಕೆಸರು ನೀರಲ್ಲೇ ಎಳೆಯುತ್ತಿದ್ದೆವು. ಈಗ ಪ್ಲಾಸ್ಟಿಕ್ ಕ್ರೇಟು ಬಂದಿವೆ. ಅವನ್ನು ದಿನಾ ತೊಳೆಯಬೇಕು.

4. ಹರಾಜು ನೆರಳಿನಲ್ಲಿ, ಬೇಗ ಮುಗಿಯಬೇಕು. ಬಿಸಿಲಿನ ಒಂದು ತಾಸು ಐಸಿನ ಒಂದು ದಿನವನ್ನು ತಿನ್ನುತ್ತದೆ.

5. ಕರೆಂಟು ಹೋದಾಗ ಜನರೇಟರ್ ಇಲ್ಲದ ಕೋಲ್ಡ್ ಸ್ಟೋರೇಜ್ ಬರೀ ಕೋಣೆ.

2020ರಲ್ಲಿ ಕೇಂದ್ರ ಸರ್ಕಾರ 20,050 ಕೋಟಿ ರೂಪಾಯಿಯ ಮತ್ಸ್ಯ ಸಂಪದಾ ಯೋಜನೆ ತಂದಿತು. ಐಸ್ ಪ್ಲಾಂಟು, ಕೋಲ್ಡ್ ಸ್ಟೋರೇಜ್, ತಂಪು ಗಾಡಿ ಎಲ್ಲಕ್ಕೂ ಅದರಲ್ಲಿ ಸಹಾಯಧನ ಇಟ್ಟರು. ಇಂಥ ದುಡ್ಡು ಬಂದಾಗ ದೊಡ್ಡ ಕಟ್ಟಡ ಎಲ್ಲರ ಕಣ್ಣಿಗೂ ಕಾಣುತ್ತದೆ. ದಕ್ಕೆಯ ನಲ್ಲಿ, ನೆರಳು, ಐಸಿನ ಪೆಟ್ಟಿಗೆ ಯಾರ ಕಣ್ಣಿಗೂ ಕಾಣುವುದಿಲ್ಲ. ಸಣ್ಣವನ ಮೀನು ಕೆಡುವುದು ಅಲ್ಲೇ.

ಊರಿಗೆ ಬಂದು ನಮ್ಮ ಅರ್ಜಿ ತಿರುವಿ ನೋಡಿದೆ. ಹಸಿ ಮೆಣಸಿನಕಾಯಿಯನ್ನು ಮಣ್ಣಿನ ಮೇಲೆ ಹರವಿ, ಮಂಜು ಬಿದ್ದು ಬೂಸ್ಟು ಬಂದದ್ದನ್ನೇ ಚೀಲ ತುಂಬಿ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿಗೆ ಒಯ್ದವರು ನಾವು. ಬೂಸ್ಟಿನ ಕಾಯಿ ಅಲ್ಲಿ ಆರು ತಿಂಗಳಿದ್ದರೂ ಬೂಸ್ಟಿನ ಕಾಯಿಯೇ. ಬಾಡಿಗೆ ಮಾತ್ರ ಪೂರಾ ಕೊಟ್ಟೆವು.

ಈಗ ಅರ್ಜಿಯ ಮೊದಲ ಸಾಲು ಬದಲಾಗಿದೆ. ಮೊದಲು ಸಿಮೆಂಟಿನ ಕಣ ಮತ್ತು ತಾಡಪತ್ರಿ, ಆಮೇಲೆ ಕೋಲ್ಡ್ ಸ್ಟೋರೇಜ್ ಅಂತ ಬರೆಸಿದ್ದೇವೆ. ಅಳಿಯನಿಗೂ ಫೋನಿನಲ್ಲಿ ಹೇಳಿದೆ, "ಬೋಟು ಬಿಡೂ ಮುಂಚೆ ಐಸ್ ಎಷ್ಟು ಹಾಕ್ಯಾರ ಅಂತ ನೀನೇ ಎಣಿಸಪಾ." ಕರಾವಳಿಯ ಓದುಗರಲ್ಲಿ ಸ್ವಂತ ಐಸ್ ಪ್ಲಾಂಟು ನಡೆಸುವ ಮೀನುಗಾರರ ಸಂಘದವರು ಇದ್ದರೆ, ನಿಮ್ಮ ಖರ್ಚು-ವೆಚ್ಚದ ಲೆಕ್ಕ ಈ ಪತ್ರಿಕೆಗೆ ಬರೆಯಿರಿ. ನಮಗೂ ಬೇಕಾಗಿದೆ.