ಎತ್ತಿದ ಮುಷ್ಟಿ ನಿಲ್ಲಬೇಕಾದ ಕ್ಷಣ

ಸಾಮಾಯಿಕಕ್ಕೆ ಕುಳಿತ ಶ್ರಾವಕನು ನಾಲ್ಕು ಭಾವನೆಗಳನ್ನು ಮನನ ಮಾಡುತ್ತಾನೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣವಂತರನ್ನು ಕಂಡಾಗ ಪ್ರಮೋದ, ನೋವಿನಲ್ಲಿರುವವರ ಬಗೆಗೆ ಕಾರುಣ್ಯ, ವಿಪರೀತವಾಗಿ ನಡೆಯುವವರ ವಿಷಯದಲ್ಲಿ ಮಾಧ್ಯಸ್ಥ್ಯ. ಇವುಗಳಲ್ಲಿ ಕೊನೆಯದನ್ನು ನಾವು ಅನೇಕ ಬಾರಿ ತಪ್ಪಾಗಿ ಅರ್ಥಮಾಡಿಕೊಳ್ಳುತ್ತೇವೆ. ಯಾರ ಪಕ್ಷವನ್ನೂ ವಹಿಸದೆ ಕೈಕಟ್ಟಿ ನೋಡುತ್ತಿರುವುದೇ ಮಧ್ಯಸ್ಥನ ಲಕ್ಷಣವೆಂದು ತಿಳಿಯುತ್ತೇವೆ. ಆದರೆ ಆಚಾರ್ಯರು ಕಾರುಣ್ಯವನ್ನು ಹೇಳಿದ ಮೇಲೆಯೇ ಮಾಧ್ಯಸ್ಥ್ಯವನ್ನು ಹೇಳಿದ್ದಾರೆ. ಕರುಣೆಯನ್ನು ದಾಟಿ ಬಂದವನಿಗೆ ಮಾತ್ರ ನಡುವೆ ನಿಲ್ಲುವ ಅರ್ಹತೆ.

ನಡುವೆ ನಿಂತವನ ಕರುಣೆ ಕೆಲವು ಕ್ಷಣ ತಡವಾದರೆ ಏನಾಗುತ್ತದೆ? ಇದನ್ನು ತಿಳಿಯಲು ಬಸದಿಯ ಶಾಂತಿಯಿಂದ ಬಹುದೂರವಿರುವ ಒಂದು ಸ್ಥಳಕ್ಕೆ, ಮುಷ್ಟಿಯುದ್ಧದ ಕಣಕ್ಕೆ, ಹೋಗಬೇಕಾಗುತ್ತದೆ. ಅಹಿಂಸೆಯ ಅಂಕಣದಲ್ಲಿ ಬಾಕ್ಸಿಂಗ್ ಏಕೆ ಎಂದು ಓದುಗರು ಕೇಳಬಹುದು. ಹಿಂಸೆ ಎಲ್ಲಿ ನಡೆಯುತ್ತಿದೆಯೋ ಅಲ್ಲಿಯೇ ಅದನ್ನು ನಿಲ್ಲಿಸುವ ಪ್ರಶ್ನೆಯೂ ಹುಟ್ಟುತ್ತದೆ.

1962ರ ಮಾರ್ಚ್ 24ರ ರಾತ್ರಿ. ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ವೆಲ್ಟರ್‌ವೇಟ್ ವಿಶ್ವ ಪ್ರಶಸ್ತಿಗಾಗಿ ಕ್ಯೂಬಾದ ಬೆನ್ನಿ ಪ್ಯಾರೆಟ್ ಮತ್ತು ವರ್ಜಿನ್ ದ್ವೀಪಗಳಲ್ಲಿ ಜನಿಸಿದ ಎಮಿಲ್ ಗ್ರಿಫಿತ್ ಮೂರನೆಯ ಬಾರಿ ಎದುರಾಗಿದ್ದರು. ಪಂದ್ಯಕ್ಕೆ ಮುನ್ನ ತೂಕ ನೋಡುವ ವೇಳೆಯಲ್ಲಿ ಪ್ಯಾರೆಟ್ ಆಡಿದ ಒಂದು ಹೀನ ಮಾತು ಗ್ರಿಫಿತ್ ಅವರ ಮನಸ್ಸನ್ನು ಸುಟ್ಟಿತ್ತು. ಆದರೂ ಪಂದ್ಯ ಮೊದಲಿನಿಂದಲೇ ಏಕಪಕ್ಷೀಯವಾಗಿರಲಿಲ್ಲ. ಆರನೆಯ ಸುತ್ತಿನಲ್ಲಿ ನೆಲಕ್ಕುರುಳಿ ಎದ್ದವರು ಗ್ರಿಫಿತ್ ಅವರೇ. ಹನ್ನೆರಡನೆಯ ಸುತ್ತಿನ ಹೊತ್ತಿಗೆ ಎಲ್ಲವೂ ಬದಲಾಗಿತ್ತು. ಪ್ಯಾರೆಟ್ ಮೂಲೆಯಲ್ಲಿ ಸಿಕ್ಕಿಕೊಂಡರು. ಹಗ್ಗಗಳು ಅವರ ದೇಹವನ್ನು ಹಿಡಿದು ನಿಲ್ಲಿಸಿದ್ದರಿಂದ ಕೆಳಗೆ ಬೀಳುವುದಕ್ಕೂ ಆಗಲಿಲ್ಲ. ಬಿದ್ದಿದ್ದರೆ ಎಣಿಕೆ ಆರಂಭವಾಗುತ್ತಿತ್ತು, ಹೊಡೆತ ನಿಲ್ಲುತ್ತಿತ್ತು. ನಿಂತೇ ಇದ್ದುದರಿಂದ ಒಂದರ ಮೇಲೊಂದು ಪೆಟ್ಟು ತಲೆಯ ಮೇಲೆ ಬೀಳುತ್ತ ಹೋಯಿತು. ರೆಫರಿ ರೂಬಿ ಗೋಲ್ಡ್‌ಸ್ಟೀನ್ ಮುನ್ನುಗ್ಗಿ ಗ್ರಿಫಿತ್ ಅವರನ್ನು ಎಳೆದು ಬೇರ್ಪಡಿಸುವ ವೇಳೆಗೆ ಕಾಲ ಮಿಂಚಿತ್ತು. ಪ್ರಜ್ಞೆ ಕಳೆದುಕೊಂಡ ಪ್ಯಾರೆಟ್ ಮತ್ತೆ ಕಣ್ತೆರೆಯಲಿಲ್ಲ. ಏಪ್ರಿಲ್ 3ರಂದು ಅವರ ಜೀವ ಹೋಯಿತು. ಆಗ ಅವರ ವಯಸ್ಸು 25.

ಗೋಲ್ಡ್‌ಸ್ಟೀನ್ ಕ್ರೂರಿಯಲ್ಲ, ಅನನುಭವಿಯೂ ಅಲ್ಲ. ಬಳಲಿದಂತೆ ಕಂಡು ಮರುಕ್ಷಣವೇ ಚೇತರಿಸಿಕೊಂಡು ತಿರುಗಿ ಬೀಳುವವರೆಂದು ಪ್ಯಾರೆಟ್ ಹೆಸರಾಗಿದ್ದರು. ಈ ಬಾರಿಯೂ ಹಾಗೆಯೇ ಇರಬಹುದೆಂಬ ಎಣಿಕೆ ರೆಫರಿಯ ಕಾಲನ್ನು ತಡೆದಿತೆಂದು ಅನೇಕರು ಹೇಳುತ್ತಾರೆ. ತಡವಾದದ್ದು ಕೆಲವೇ ಸೆಕೆಂಡು. ಹಿಂಸೆಗೆ ದ್ವೇಷವೊಂದೇ ಮೂಲವಲ್ಲ, ಪ್ರಮಾದವೂ ಮೂಲ ಎಂದು ಜಿನಾಗಮವು ಒತ್ತಿ ಹೇಳುವುದು ಇಂಥ ಕ್ಷಣಗಳನ್ನು ಕಂಡೇ ಇರಬೇಕು. ಎಚ್ಚರ ತಪ್ಪಿದ ಕಣ್ಣು, ಹಳೆಯ ಅಭಿಪ್ರಾಯದಿಂದ ಮಸುಕಾದ ಕಣ್ಣು, ಎದುರಿಗಿರುವ ಜೀವದ ಈಗಿನ ಸ್ಥಿತಿಯನ್ನು ಕಾಣದು.

ಹಾಗಾದರೆ ರೆಫರಿ ಯಾವಾಗ ನಿಲ್ಲಿಸಬೇಕು? ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ ನಿಯಮವೇ ತೀರ್ಪು ಕೊಡುತ್ತದೆ. ಬೀಳದೆ ನಿಂತಿರುವವನ ವಿಷಯದಲ್ಲಿ ಮಾತ್ರ ರೆಫರಿಯ ವಿವೇಕವೇ ನಿಯಮ. ಆಗ ಆತ ಹೊಡೆಯುವವನ ಕೈಗಳಿಗಿಂತ ಹೆಚ್ಚಾಗಿ ಹೊಡೆತ ತಿನ್ನುವವನ ಮುಖವನ್ನು ನೋಡಬೇಕು. ದೃಷ್ಟಿ ಶೂನ್ಯವಾಗಿದೆಯೇ? ಕಾಲುಗಳು ಹಿಡಿತ ತಪ್ಪಿವೆಯೇ? ಮುಖವನ್ನು ಕಾಯಬೇಕಾದ ಕೈಗಳು ಕೆಳಗಿಳಿದಿವೆಯೇ? ಬರುವ ಪೆಟ್ಟಿಗೆ ತಲೆ ಸರಿಸುವ, ಮರಳಿ ಪೆಟ್ಟು ಕೊಡುವ ಪ್ರಯತ್ನ ನಿಂತುಹೋಗಿದೆಯೇ? ತನ್ನನ್ನು ತಾನು ರಕ್ಷಿಸಿಕೊಳ್ಳುವ ಶಕ್ತಿ ಒಬ್ಬನಿಗೆ ಇಲ್ಲವಾದ ಕ್ಷಣದಲ್ಲಿ ಪಂದ್ಯ ಮುಗಿದಿರುತ್ತದೆ. ಗಂಟೆ ಬಾರಿಸದಿರಬಹುದು, ಜನ ಕೂಗುತ್ತಿರಬಹುದು. ಇಬ್ಬರಲ್ಲಿ ಬಲಶಾಲಿ ಯಾರು ಎಂಬ ಪ್ರಶ್ನೆಗೆ ಉತ್ತರ ದೊರಕಿಯಾಗಿದೆ. ಅನಂತರ ಬೀಳುವ ಪ್ರತಿಯೊಂದು ಪೆಟ್ಟೂ ಕೇವಲ ಹಿಂಸೆ.

ಆ ಹಿಂಸೆಯ ಪರಿಣಾಮ ಹೊರಗಣ್ಣಿಗೆ ಕಾಣುವುದಿಲ್ಲ. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಕಪಾಲದೊಳಗೆ ಮಿದುಳು ಹೊಯ್ದಾಡುತ್ತದೆ. ಮಿದುಳಿಗೂ ಅದರ ಹೊದಿಕೆಗೂ ನಡುವೆ ಸೇತುವೆಯಂತಿರುವ ಸೂಕ್ಷ್ಮ ರಕ್ತನಾಳಗಳು ಹರಿದರೆ ಒಳಗೇ ರಕ್ತ ಸೋರಿ ಮಿದುಳನ್ನು ಒತ್ತುತ್ತದೆ. ಹೊರಗೆ ಒಂದು ಹನಿ ರಕ್ತವೂ ಕಾಣದಿರಬಹುದು. 1982ರಲ್ಲಿ ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಎಂಬ ಯುವಕ ಹದಿನಾಲ್ಕನೆಯ ಸುತ್ತಿನವರೆಗೆ ಹೋರಾಡಿ ಇಂಥದೇ ರಕ್ತಸ್ರಾವದಿಂದ ಮೃತಪಟ್ಟರು. ಆ ಬಳಿಕ ಪ್ರಶಸ್ತಿ ಪಂದ್ಯಗಳು ಹದಿನೈದು ಸುತ್ತಿನಿಂದ ಹನ್ನೆರಡಕ್ಕೆ ಇಳಿದವು. ನಿಯಮ ಬದಲಾದದ್ದು ಒಳ್ಳೆಯದೇ. ಆದರೆ ಪ್ಯಾರೆಟ್ ಬಿದ್ದದ್ದು ಹನ್ನೆರಡನೆಯ ಸುತ್ತಿನಲ್ಲಿ ಎಂಬುದನ್ನು ಮರೆಯಬಾರದು. ಸುತ್ತುಗಳ ಸಂಖ್ಯೆ ಕರುಣೆಯ ಕೆಲಸವನ್ನು ಮಾಡಲಾರದು.

ಬೇಗ ನಿಲ್ಲಿಸಿದರೆ ಅನ್ಯಾಯವಾಗುವುದಿಲ್ಲವೇ ಎಂಬ ಪ್ರಶ್ನೆಯೂ ಸಹಜ. 1990ರ ಮಾರ್ಚ್ 17ರಂದು ಹೂಲಿಯೋ ಸೀಸರ್ ಚಾವೆಸ್ ವಿರುದ್ಧ ಮೆಲ್ಡ್ರಿಕ್ ಟೇಲರ್ ಅಂಕಗಳಲ್ಲಿ ಮುಂದಿದ್ದರು. ಕೊನೆಯ ಸುತ್ತಿನಲ್ಲಿ ನೆಲಕ್ಕುರುಳಿ ಎದ್ದು ನಿಂತರು. ರೆಫರಿ ರಿಚರ್ಡ್ ಸ್ಟೀಲ್ ಸ್ಥಿತಿ ವಿಚಾರಿಸಿದಾಗ ಉತ್ತರ ಬರಲಿಲ್ಲ. ಸ್ಟೀಲ್ ಪಂದ್ಯ ನಿಲ್ಲಿಸಿದರು. ಮುಗಿಯಲು ಉಳಿದಿದ್ದದ್ದು ಎರಡೇ ಸೆಕೆಂಡು. ಟೇಲರ್ ಗೆಲುವು ಕಳೆದುಕೊಂಡರು, ಸ್ಟೀಲ್ ವರ್ಷಗಟ್ಟಲೆ ನಿಂದೆಗೆ ಗುರಿಯಾದರು. ತಾನು ನೋಡಿದ್ದು ಗಡಿಯಾರವನ್ನಲ್ಲ, ಎದುರಿಗಿದ್ದ ಮನುಷ್ಯನನ್ನು ಎಂಬುದು ಅವರ ಸಮರ್ಥನೆಯ ಸಾರವಾಗಿತ್ತು. ಆ ನಿರ್ಧಾರ ಸರಿಯೇ ತಪ್ಪೇ ಎಂಬ ವಾದ ಇಂದಿಗೂ ನಿಂತಿಲ್ಲ. ಆದರೆ ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಬೇಗ ನಿಲ್ಲಿಸಿದವನ ತಪ್ಪಿಗೆ ಮತ್ತೊಂದು ಪಂದ್ಯದಲ್ಲಿ ಪರಿಹಾರ ಉಂಟು. ತಡವಾಗಿ ನಿಲ್ಲಿಸಿದವನ ತಪ್ಪಿಗೆ ಯಾವ ಪರಿಹಾರವೂ ಇಲ್ಲ.

ಸೋಲುತ್ತಿರುವವನೇ ಸಾಕು ಎನ್ನಲಿ ಎಂದು ಕಾಯುವುದು ವ್ಯರ್ಥ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾನವು ಶೂರರನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಜೀವ ಹೋದರೂ ಸರಿ, ಸೋತೆನೆಂದು ಹೇಳಲಾರೆ ಎನ್ನುವವನಿಗೆ ಆ ಮಾತನ್ನು ಬೇರೊಬ್ಬರು ಹೇಳಬೇಕು. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಮಹಮ್ಮದ್ ಅಲಿ ಎದುರು ಹೋರಾಡಿದ ಜೋ ಫ್ರೇಜಿಯರ್ ಹದಿನಾಲ್ಕು ಸುತ್ತು ಮುಗಿಸಿ ಮೂಲೆಗೆ ಬಂದಾಗ ಊದಿದ ಕಣ್ಣುಗಳಲ್ಲಿ ದೃಷ್ಟಿ ಉಳಿದಿರಲಿಲ್ಲ. ಇನ್ನೊಂದೇ ಸುತ್ತು ಎಂದು ಅವರು ಬೇಡಿದರೂ ತರಬೇತುದಾರ ಎಡ್ಡಿ ಫಚ್ ಒಪ್ಪಲಿಲ್ಲ. ತನ್ನವನ ಸೋಲನ್ನು ತಾನೇ ಘೋಷಿಸಿದ ಆ ಮನುಷ್ಯ ಫ್ರೇಜಿಯರ್ ಅವರ ಕೀರ್ತಿಗೆ ಕುಂದು ತರಲಿಲ್ಲ, ಅವರ ಜೀವವನ್ನು ಕಾಯ್ದರು.

ಎಂಟು ವರ್ಷಗಳ ಬಳಿಕ ಅದೇ ಫ್ರೇಜಿಯರ್ ಅವರ ಮಗ ಮಾರ್ವಿಸ್, ಲ್ಯಾರಿ ಹೋಮ್ಸ್ ಅವರನ್ನು ಎದುರಿಸಿದರು. ಮೊದಲ ಸುತ್ತಿನಲ್ಲಿಯೇ ತರುಣನು ಹಗ್ಗಕ್ಕೆ ಒರಗಿ ಅಸಹಾಯನಾದ. ಆಗ ಹೋಮ್ಸ್ ಹೊಡೆಯುತ್ತಲೇ ಕೈಬೀಸಿ, ನಿಲ್ಲಿಸಿರೆಂದು ರೆಫರಿಯನ್ನು ಕರೆದರು. ರೆಫರಿ ಮಿಲ್ಸ್ ಲೇನ್ ಪಂದ್ಯವನ್ನು ಅಲ್ಲಿಗೆ ಮುಗಿಸಿದರು. ಗೆಲ್ಲುತ್ತಿರುವವನೇ ನಡುವೆ ಬರುವವನನ್ನು ಹುಡುಕಿದ ಆ ದೃಶ್ಯ ನಮಗೆ ಚಿರಪರಿಚಿತವಾದ ಮತ್ತೊಂದು ಕಣವನ್ನು ನೆನಪಿಗೆ ತರುತ್ತದೆ.

ಭರತ ಮತ್ತು ಬಾಹುಬಲಿಯ ಸೈನ್ಯಗಳು ಎದುರುಬದುರಾಗಿ ನಿಂತಾಗ ಎರಡೂ ಪಕ್ಷದ ಮಂತ್ರಿಗಳು ಮಧ್ಯಸ್ಥರಾದರು. ಅಣ್ಣತಮ್ಮಂದಿರ ಕಲಹಕ್ಕೆ ಸಾವಿರಾರು ಸೈನಿಕರ ಪ್ರಾಣ ಏಕೆ ಎಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಹೋರಾಟವನ್ನು ಮಿತಗೊಳಿಸಿದರು. ಮೂರರಲ್ಲಿಯೂ ಬಾಹುಬಲಿ ಗೆದ್ದನು. ಮಲ್ಲಯುದ್ಧದಲ್ಲಿ ಚಕ್ರವರ್ತಿಯಾದ ಅಣ್ಣನನ್ನು ಎತ್ತಿ ಹಿಡಿದೂ ನೆಲಕ್ಕೆ ಅಪ್ಪಳಿಸಲಿಲ್ಲ. ಎತ್ತಿದಾಗಲೇ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಜಿನಸೇನಾಚಾರ್ಯರ ಪರಂಪರೆಯ ಈ ಕಥೆಯನ್ನು 941ರಲ್ಲಿ ಪಂಪನು ಕನ್ನಡಕ್ಕೆ ತಂದನು. ಶ್ವೇತಾಂಬರ ಆಚಾರ್ಯ ಹೇಮಚಂದ್ರರು ಹೇಳಿದ ಕಥೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ಸೋತ ಭರತನು ಚಕ್ರವನ್ನೇ ಪ್ರಯೋಗಿಸಿದಾಗ ಕೆರಳಿದ ಬಾಹುಬಲಿ ಮುಷ್ಟಿಯನ್ನು ಎತ್ತಿ ಧಾವಿಸುತ್ತಾನೆ. ನಡುವೆ ತಡೆಯುವವರು ಯಾರೂ ಇಲ್ಲ. ತಡೆದದ್ದು ಅವನ ಒಳಗಿನ ವಿವೇಕ. ಎತ್ತಿದ ಮುಷ್ಟಿ ವ್ಯರ್ಥವಾಗಬಾರದೆಂದು ಅದೇ ಮುಷ್ಟಿಯಿಂದ ತನ್ನ ತಲೆಗೂದಲನ್ನು ಕಿತ್ತು ದೀಕ್ಷೆ ಕೈಗೊಳ್ಳುತ್ತಾನೆ.

ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ. ತಾನೇ ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಕಣದಲ್ಲಿ ಹೊಡೆಯುವವನು ಒಬ್ಬನೇ ಆದರೂ, ಹಣಕ್ಕಾಗಿ ಪಂದ್ಯ ಏರ್ಪಡಿಸಿದವನು, ನಿಲ್ಲಿಸಬಲ್ಲ ಅಧಿಕಾರವಿದ್ದೂ ನಿಲ್ಲಿಸದವನು, ಇನ್ನೂ ಹೊಡಿ ಎಂದು ಕೂಗಿದವನು, ಎಲ್ಲರೂ ಆ ಕರ್ಮದಲ್ಲಿ ಪಾಲುದಾರರು. ನಾವು ಮುಷ್ಟಿಯುದ್ಧವನ್ನು ಎಂದೂ ನೋಡದವರೇ ಇರಬಹುದು. ಆದರೆ ನಮ್ಮ ಮನೆಯ ಹಜಾರದಲ್ಲಿ, ಕಚೇರಿಯ ಸಭೆಯಲ್ಲಿ, ಶಾಲೆಯ ಅಂಗಳದಲ್ಲಿ ಏಕಪಕ್ಷೀಯ ಹೋರಾಟಗಳು ನಡೆಯುತ್ತಲೇ ಇರುತ್ತವೆ. ತಪ್ಪು ಮಾಡಿದ ಮಗು ತಲೆ ತಗ್ಗಿಸಿ ನಿಂತ ಮೇಲೂ ಬೈಗುಳ ನಿಲ್ಲುವುದಿಲ್ಲ. ಸೊಸೆ ಉತ್ತರ ಕೊಡುವುದನ್ನು ಬಿಟ್ಟ ಮೇಲೂ ಚುಚ್ಚುಮಾತು ಮುಗಿಯುವುದಿಲ್ಲ. ಪ್ಯಾರೆಟ್ ಹಾಗೆ ಅವರೂ ಬೀಳಲಾರದೆ ನಿಂತಿರುತ್ತಾರೆ. ನಿಂತಿದ್ದಾರಲ್ಲ, ತಡೆದುಕೊಳ್ಳುತ್ತಾರೆ ಎಂದು ನಾವು ತಿಳಿಯುತ್ತೇವೆ. ಅಲ್ಲಿರುವ ಹಿರಿಯರು ಒಂದು ಸಲ ಎದ್ದು, ಸಾಕು, ಇಲ್ಲಿಗೆ ಬಿಡಿ ಎಂದರೆ ಅದು ಪಕ್ಷಪಾತವಲ್ಲ. ಅದೇ ನಿಜವಾದ ಮಾಧ್ಯಸ್ಥ್ಯ. ಹೊಡೆಯುತ್ತಿರುವವನಿಗೂ ಅದು ಉಪಕಾರ.

ಗ್ರಿಫಿತ್ ಅವರ ಉಳಿದ ಬದುಕು ಇದಕ್ಕೆ ಸಾಕ್ಷಿ. ಆ ರಾತ್ರಿ ಅವರು ಪ್ರಶಸ್ತಿ ಗೆದ್ದರು, ನೆಮ್ಮದಿಯನ್ನು ಕಳೆದುಕೊಂಡರು. ಪ್ಯಾರೆಟ್ ಅವರನ್ನು ಕನಸಿನಲ್ಲಿ ಕಂಡು ಬೆಚ್ಚುತ್ತಿದ್ದರು. ನಿಲ್ಲಿಸದೆ ಹೋದ ಪಂದ್ಯ ಸತ್ತವನ ಜೊತೆಗೆ ಗೆದ್ದವನನ್ನೂ ಗಾಯಗೊಳಿಸಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಳೆದು, 2005ರಲ್ಲಿ ತೆರೆಕಂಡ ಸಾಕ್ಷ್ಯಚಿತ್ರವೊಂದರಲ್ಲಿ, ವೃದ್ಧ ಗ್ರಿಫಿತ್ ಪ್ಯಾರೆಟ್ ಅವರ ಮಗನನ್ನು ಭೇಟಿಯಾಗುತ್ತಾರೆ. ತಂದೆ ತೀರಿಕೊಂಡಾಗ ಆತ ಎಳೆಯ ಮಗು. ಆ ಮಗ ಗ್ರಿಫಿತ್ ಅವರನ್ನು ಅಪ್ಪಿಕೊಳ್ಳುತ್ತಾನೆ. ದಶಲಕ್ಷಣ ಧರ್ಮಗಳಲ್ಲಿ ಉತ್ತಮ ಕ್ಷಮೆಯನ್ನು ಮೊದಲು ಹೇಳಿದ್ದೇಕೆ ಎಂಬುದು ಆ ಆಲಿಂಗನವನ್ನು ಕಂಡವರಿಗೆ ತಿಳಿಯುತ್ತದೆ. ಆದರೂ ಕ್ಷಮೆ ಬರುವವರೆಗೆ ಒಂದು ಜೀವಮಾನವೇ ಸವೆದಿತ್ತು.

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರಿದವರು ಗೊಮ್ಮಟನ ಶಾಂತ ಮುಖವನ್ನು ನೋಡಿ ಕೈಮುಗಿಯುತ್ತಾರೆ. ಮುಂದಿನ ಸಲ ಹೋದಾಗ ಆ ಕೈಗಳನ್ನೂ ಒಮ್ಮೆ ನೋಡೋಣ. ಚಕ್ರವರ್ತಿಯನ್ನೇ ಎತ್ತಿದ ತೋಳುಗಳು ದೇಹದ ಇಕ್ಕೆಲಗಳಲ್ಲಿ ನೇರವಾಗಿ ಇಳಿದಿವೆ. ಬೆರಳುಗಳು ಬಿಡಿಸಿಕೊಂಡಿವೆ. ಅಲ್ಲಿ ಮುಷ್ಟಿ ಇಲ್ಲ.