ಹೊರಗ ಹೋಗಿ ಬರ್ತೀನ್ರಿ ಸರ್

ನಮ್ಮ ಕಡೆ ಮನೆಯಿಂದ ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲ. ಬಾಯಿ ತಪ್ಪಿ ಅಂದರೆ ಅಜ್ಜಿ ಹೊಸ್ತಿಲಲ್ಲೇ ತಡೆದು, 'ಬರ್ತೀನಿ ಅನ್ನೋ' ಎಂದು ತಿದ್ದುತ್ತಾಳೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾಲೇಜುಗಳಿಗೆ ಬರುವ ಹುಡುಗ ಹುಡುಗಿಯರೆಲ್ಲ ಹೀಗೆ ತಿದ್ದಿಸಿಕೊಂಡು ಬೆಳೆದವರೇ. ಆದರೂ ಪಾಠದ ನಡುವೆ ಎದ್ದು ಹೋಗಬೇಕಾದಾಗ ಕೇಳುವವರಿಗೆ ಅಂಜಿಕೆ, ಕೇಳಿಸಿಕೊಳ್ಳುವವರಿಗೆ ಸಿಟ್ಟು. ಈ ಅಂಜಿಕೆ ಸಿಟ್ಟುಗಳ ಹಿಂದೆ ಇರುವ ಕೆಲವು ತಪ್ಪು ಕಲ್ಪನೆಗಳು ಇವು.

ತಪ್ಪು ಕಲ್ಪನೆ 1: ಇಂಗ್ಲಿಷಿನಲ್ಲಿ ಕೇಳಿದರೇ ಮರ್ಯಾದೆ.

ವಾಸ್ತವ: ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಿ.ಎ. ಸೇರಿದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. 'ಮೇ ಐ ಗೋ ಔಟ್ ಸರ್' ಎಂಬುದನ್ನು ಬಾಯೊಳಗೇ ನಾಲ್ಕು ಸಲ ತಿರುವಿಕೊಂಡು, ಎದ್ದು ನಿಂತು, 'ಮೇ ಐ ಕಮಿನ್ ಸರ್' ಅಂದುಬಿಟ್ಟ. ತರಗತಿ ಗೊಳ್ಳೆಂದಿತು. ಅವನು ಕೂತವನು ಗಂಟೆ ಮುಗಿಯುವವರೆಗೆ ಮತ್ತೆ ಏಳಲಿಲ್ಲ. ಮರ್ಯಾದೆ ಇರುವುದು ದನಿಯಲ್ಲಿ, ಕೇಳುವ ಹೊತ್ತಿನಲ್ಲಿ. 'ಸರ್, ಹೊರಗ ಹೋಗಿ ಬರ್ತೀನ್ರಿ' ಅಂದರೆ ಏನೂ ಕಮ್ಮಿಯಾಗುವುದಿಲ್ಲ. ಆ ಕೊನೆಯ 'ರಿ'ಯಲ್ಲಿ ಬೇಕಾದಷ್ಟು ಗೌರವ ಇದೆ.

ತಪ್ಪು ಕಲ್ಪನೆ 2: ಯಾಕೆ ಹೋಗುತ್ತೇನೆಂದು ಎಲ್ಲರೆದುರು ಹೇಳಲೇಬೇಕು.

ವಾಸ್ತವ: ಕಿರುಬೆರಳು ಎತ್ತಿ 'ಒಂದಕ್ಕ ಹೋಗ್ತೀನ್ರಿ' ಎಂದು ಕೇಳುವ ರೂಢಿ ಒಂದನೆಯ ಇಯತ್ತೆಯದು. ಪದವಿ ತರಗತಿಯಲ್ಲಿ ಕೂತವರು ಮತ ಹಾಕುವ ವಯಸ್ಸಿನವರು. ಹೋಗಿ ಬರುತ್ತೇನೆ ಎಂಬಷ್ಟು ತಿಳಿಸಿದರೆ ಸಾಕು, ಕಾರಣ ಅವರವರದು. ಪಾಠ ಓಡುತ್ತಿರುವಾಗ ಬಾಯಿ ತೆರೆಯುವುದೂ ಬೇಡ, ಮೇಷ್ಟ್ರ ಕಣ್ಣಿಗೆ ಕಣ್ಣು ಕೂಡಿಸಿ ಕತ್ತು ಆಡಿಸಿದರೆ ಆಯಿತು. ಕೆಲವು ಮೇಷ್ಟ್ರಿಗೆ ಕೇಳಿಯೇ ಹೋಗಬೇಕು, ಇನ್ನು ಕೆಲವರಿಗೆ ಕೇಳುವುದೇ ಅಡ್ಡಿ. ಯಾರಿಗೆ ಯಾವುದು ಎಂಬುದನ್ನು ಸೆಮಿಸ್ಟರ್‌ನ ಮೊದಲ ವಾರವೇ ಕೇಳಿ ತಿಳಿದುಕೊಳ್ಳುವುದು ಜಾಣತನ.

ತಪ್ಪು ಕಲ್ಪನೆ 3: ಗಂಟೆ ಹೊಡೆಯುವವರೆಗೆ ತಡೆದುಕೊಳ್ಳುವುದೇ ಶಿಸ್ತು.

ವಾಸ್ತವ: ಈ ಕಲ್ಪನೆಯ ಬೆಲೆ ತೆರುವವರು ಹೆಚ್ಚಾಗಿ ಹುಡುಗಿಯರು. ಏಳಬೇಕಾಗಬಾರದೆಂದು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂಡುತ್ತಾರೆ. ತಂದ ಬಾಟಲಿ ಸಂಜೆ ತುಂಬಿದ್ದು ತುಂಬಿದಂತೆಯೇ ಊರಿಗೆ ವಾಪಸು ಹೋಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಜಿಲ್ಲೆ ನಮ್ಮದು. ನೀರು ಕಡಿಮೆ ಕುಡಿಯುವುದು, ಮೂತ್ರ ತಡೆಯುವುದು ಎರಡೂ ಸೇರಿದರೆ ಉರಿಮೂತ್ರ ಶುರುವಾಗುತ್ತದೆ, ಮೂತ್ರನಾಳದ ಸೋಂಕಿಗೆ ದಾರಿಯಾಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾಗುವುದಕ್ಕೂ ನೀರಿನ ಕೊರತೆ ಒಂದು ಕಾರಣ. ಮುಟ್ಟಿನ ದಿನಗಳಲ್ಲಂತೂ ಐದು ನಿಮಿಷದ ಬಿಡುವು ಹತ್ತು ಮಂದಿಯ ಸಾಲಿಗೇ ಮುಗಿದುಹೋಗುತ್ತದೆ. ಇಂಥ ಹೊತ್ತಿನಲ್ಲಿ ಎದ್ದು ಹೋಗುವುದು ಅಶಿಸ್ತಲ್ಲ. ಹುಡುಗಿ ಎದ್ದಳೆಂದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗುವುದು ಅಶಿಸ್ತು.

ತಪ್ಪು ಕಲ್ಪನೆ 4: 'ಎಸ್ ಸರ್' ಅಂದಾಯಿತು, ಇನ್ನು ಹೋದರೂ ನಡೆಯುತ್ತದೆ.

ವಾಸ್ತವ: ಪರೀಕ್ಷೆಗೆ ಕೂಡಲು ಶೇ 75 ಹಾಜರಿ ಬೇಕು. 60 ಗಂಟೆಯ ಪಾಠವಿದ್ದರೆ 45 ಗಂಟೆ ತರಗತಿಯಲ್ಲಿ ಇರಲೇಬೇಕು. ಉಳಿದ 15 ಗಂಟೆ ಜ್ವರ, ಜಾತ್ರೆ, ಮದುವೆ, ತೊಗರಿ ರಾಶಿಗೆ ಆಗುವ ಗಂಟು. ಹಾಜರಿ ಹಾಕಿಸಿಕೊಂಡು ಹಿಂಬಾಗಿಲಿಂದ ಜಾರುವವರು ಆ ಗಂಟನ್ನು ಉಳಿಸಿದೆವು ಅಂದುಕೊಳ್ಳುತ್ತಾರೆ. ಆದರೆ ಮೇಷ್ಟ್ರು ಒಮ್ಮೆ ತಲೆ ಎಣಿಸಿದರೆ ಹೋಗುವುದು ಹಾಜರಿಯೊಂದೇ ಅಲ್ಲ. ನಾಳೆ ನಿಜವಾಗಿ ಹೊಟ್ಟೆನೋವು ಬಂದವನ ಮಾತನ್ನೂ ಅವರು ನಂಬುವುದಿಲ್ಲ.

ತಪ್ಪು ಕಲ್ಪನೆ 5: ಬಸ್ಸಿಗೆಂದು ಏಳುವವರಿಗೆ ಓದಿನ ಮೇಲೆ ಮನಸ್ಸಿಲ್ಲ.

ವಾಸ್ತವ: ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಕಟ್ಟಿಸಿದ ಶಾಲೆಯ ವಿವರ ಅದರಲ್ಲಿ ಸಿಗುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ಮನೆ, ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿ. ಪಾಠ ಮುಗಿದ ಮೇಲೆ ಅವರು ನಡೆದುಹೋಗಬೇಕಾದದ್ದು ಪಕ್ಕದ ಮನೆಗೆ. ಇಂದು ತಾಂಬಾದಿಂದ ಇಂಡಿಗೆ, ಮೋರಟಗಿಯಿಂದ ಸಿಂದಗಿಗೆ, ನಾಲತವಾಡದಿಂದ ಮುದ್ದೇಬಿಹಾಳಕ್ಕೆ ಪಾಸು ಹಿಡಿದು ಬರುವವರಿಗೆ ದಿನದ ಕೊನೆಯ ಗಂಟೆ ಹೊಡೆಯುವುದು ಕಾಲೇಜಿನಲ್ಲಲ್ಲ, ಬಸ್ ನಿಲ್ದಾಣದಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಚಿಂತೆ ಇಲ್ಲ, ಕಾಲಿಡಲು ಜಾಗದ ಚಿಂತೆ ಇದೆ. ಬಸ್ಸು ಫಲಾಟಿಗೆ ಬರುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಊರಿನಲ್ಲಿ ಹತ್ತು ನಿಮಿಷ ತಡವಾದರೆ ಮುಂದಿನ ಬಸ್ಸಿಗೆ ಕತ್ತಲಾಗುತ್ತದೆ. ಎರಡು ಸಲ ಹಾಗಾದರೆ ಮನೆಯವರು ಕಾಲೇಜನ್ನೇ ಬಿಡಿಸಿಯಾರು.

ಹಾಗೆಂದು ದಿನಾ ಅರ್ಧ ಪಾಠಕ್ಕೆ ಎದ್ದು ಓಡುವುದೂ ಪರಿಹಾರವಲ್ಲ. ಒಂದೇ ಮಾರ್ಗದವರೆಲ್ಲ ಸೇರಿ, ಸೆಮಿಸ್ಟರ್ ಶುರುವಿನಲ್ಲೇ ಬಸ್ಸಿನ ವೇಳೆ ಬರೆದು ಪ್ರಿನ್ಸಿಪಾಲರಿಗೆ ಅರ್ಜಿ ಕೊಡಬೇಕು. ಅದರ ಮೇಲೆ ಅವರ ಸಹಿ ಹಾಕಿಸಿ ಒಂದು ಪ್ರತಿಯನ್ನು ಡಿಪೋ ಮ್ಯಾನೇಜರರಿಗೂ ಮುಟ್ಟಿಸಬೇಕು. ಕೊನೆಯ ತಾಸು ಹತ್ತು ನಿಮಿಷ ಮೊದಲೇ ಮುಗಿಯಬಹುದು, ಇಲ್ಲವೇ ಬಸ್ಸು ಹತ್ತು ನಿಮಿಷ ತಡವಾಗಿ ಹೊರಡಬಹುದು. ಎರಡೂ ಆಗದಿದ್ದರೆ, ಹೋಗಬೇಕಾದವರು ತರಗತಿ ಶುರುವಾಗುವ ಮೊದಲೇ ಹೇಳಿ ಬಾಗಿಲ ಬಳಿ ಕೂಡಲಿ.

ತಪ್ಪು ಕಲ್ಪನೆ 6: ಒಪ್ಪಿಗೆ ಸಿಕ್ಕಿತು, ಇನ್ನು ಹೇಗೆ ಹೋದರೇನು?

ವಾಸ್ತವ: ಪಾಠ ಕೆಡುವುದು ಹೋಗುವುದರಿಂದಲ್ಲ, ಹೋಗುವ ರೀತಿಯಿಂದ. ಉದ್ದ ಬೆಂಚಿನ ನಟ್ಟನಡುವೆ ಕೂತವನು ಎದ್ದರೆ ಈ ಕಡೆಯ ಮೂವರು ಏಳಬೇಕು, ಬೆಂಚು ಕಿರ್ರೆನ್ನಬೇಕು, ನೋಟ್ಸ್ ಬರೆಯುವವರ ಸಾಲು ತಪ್ಪಬೇಕು. ಏಳುವ ಅಂದಾಜಿದ್ದರೆ ತುದಿಗೆ ಕೂಡಿ. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಲೆಕ್ಕ ಮುಗಿಸುವವರೆಗೆ ತಾಳಿ. ಅವರ ಮತ್ತು ಬೋರ್ಡಿನ ನಡುವೆ ಹಾಯಬೇಡಿ, ಹಿಂಬಾಗಿಲಿದ್ದರೆ ಅದೇ ನಿಮ್ಮ ದಾರಿ. ಮನೆಯಿಂದ ಜರೂರಿ ಫೋನ್ ಬಂದರೆ 'ಹಲೋ' ಅನ್ನುವುದು ಹೊಸ್ತಿಲು ದಾಟಿದ ಮೇಲೆ. ಚೀಲ ಬೆಂಚಿನ ಮೇಲೆಯೇ ಇರಲಿ, ತಿರುಗಿ ಬರುತ್ತೀರೆಂಬುದಕ್ಕೆ ಅದೇ ಸಾಕ್ಷಿ. ಬಂದವರು ಹಳೆಯ ಜಾಗಕ್ಕೆ ನುಗ್ಗದೆ ಹಿಂದೆ ಖಾಲಿ ಇರುವಲ್ಲಿ ಕೂಡಿ, ತಪ್ಪಿದ್ದೇನೆಂದು ಗೆಳೆಯರನ್ನು ಪಾಠ ಮುಗಿದ ಮೇಲೆ ಕೇಳಿ.

ತಪ್ಪು ಕಲ್ಪನೆ 7: ರೀತಿ ರಿವಾಜು ವಿದ್ಯಾರ್ಥಿಗಳಿಗೆ ಮಾತ್ರ.

ವಾಸ್ತವ: ಎದ್ದವರನ್ನು 'ಎಲ್ಲಿಗೆ? ಮನ್ಯಾಗ ಮುಗಿಸಿ ಬರಾಕ ಆಗಲಿಲ್ಲೇನು?' ಎಂದು ಎಪ್ಪತ್ತು ಮಂದಿಯೆದುರು ಕೇಳುವ ಮೇಷ್ಟ್ರು, ಪಾಠದ ನಡುವೆ ಮೊಬೈಲ್ ಕಿವಿಗಿಟ್ಟು ವರಾಂಡಕ್ಕೆ ಹೋಗುವ ಮೇಷ್ಟ್ರು, ಇಬ್ಬರೂ ಇದ್ದಾರೆ. ಬಂದವರನ್ನು ಹೇಗೆ ಮಾತಾಡಿಸಬೇಕೆಂದು ವಚನದಲ್ಲೇ ಹೇಳಿದ ಬಸವಣ್ಣ ಹುಟ್ಟಿದ ನೆಲ ಇದು. ಹೊರಗೆ ಹೋಗಿ ಬಂದ ಹುಡುಗಿಗೆ 'ಬಾರವಾ, ಕುಂದರು' ಅಂದು ಪಾಠ ಮುಂದುವರಿಸಲು ಎಷ್ಟು ಹೊತ್ತು ಬೇಕು?

ಆ 'ಮೇ ಐ ಕಮಿನ್' ಹುಡುಗನ ಮಾತಿಗೆ ಅಂದು ನಾನೂ ನಕ್ಕಿದ್ದೆ. ಈಗ ಅನ್ನಿಸುತ್ತದೆ, ಅವನ ಇಂಗ್ಲಿಷ್ ತಪ್ಪಿತ್ತೇ ಹೊರತು ರೂಢಿ ತಪ್ಪಿರಲಿಲ್ಲ. ಹೋಗುವಾಗ ಬರುವ ಮಾತಾಡಬೇಕೆಂದು ಅವನಿಗೂ ಅವನ ಅಜ್ಜಿ ಕಲಿಸಿದ್ದಳು.