ಭೂಮಾಪನದಲ್ಲಿ ಉಪಗ್ರಹ ಗ್ರಾಹಕ: ಬೀದರ ಪ್ರದೇಶದ ದೃಷ್ಟಾಂತ

ಭಾರತದ ಮಹಾ ತ್ರಿಕೋನಮಾಪನದ ಇತಿಹಾಸದಲ್ಲಿ ಬೀದರಿಗೆ ಗಣ್ಯಸ್ಥಾನವುಂಟು. ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ನಗರಕ್ಕೆ ಸಮೀಪದ ದಾಮರಗಿದ್ದದ ಬಳಿ ಸರಪಳಿಯಿಂದ ಒಂದು ಆಧಾರರೇಖೆಯನ್ನು ಅಳೆದನು. 1841ರಲ್ಲಿ ಬೀದರಿನ ಆಧಾರರೇಖೆಯನ್ನು ಲೋಹದಂಡಗಳಿಂದ ಮತ್ತೊಮ್ಮೆ ಅಳೆಯಲಾಯಿತು. ಒಂದು ಭುಜದ ಉದ್ದ ನಿಷ್ಕೃಷ್ಟವಾಗಿ ತಿಳಿದರೆ ಉಳಿದ ಭುಜಗಳನ್ನು ಕೋನಗಳಿಂದ ಗಣಿಸಬಹುದೆಂಬುದೇ ಆ ಕಾರ್ಯದ ತತ್ತ್ವ. ಇಂದಿನ ಭೂಮಾಪಕನು ಕೋಲಿನ ತುದಿಯಲ್ಲಿ ಉಪಗ್ರಹ ಗ್ರಾಹಕವನ್ನಿರಿಸಿ ಕೆಲವೇ ಕ್ಷಣಗಳಲ್ಲಿ ಸ್ಥಾನವನ್ನು ಪಡೆಯುತ್ತಾನೆ. ಈ ಯಂತ್ರವು ಅಳೆಯುವುದೇನು, ಅದು ತೋರಿಸುವ ಸೆಂಟಿಮೀಟರು ಎಷ್ಟರ ಮಟ್ಟಿಗೆ ವಿಶ್ವಾಸಾರ್ಹ ಎಂಬುದನ್ನು ಇಲ್ಲಿ ವಿವೇಚಿಸಬಹುದು.

ಗ್ರಾಹಕವು ನೇರವಾಗಿ ದೂರವನ್ನು ಅಳೆಯುವುದಿಲ್ಲ, ಕಾಲವನ್ನು ಅಳೆಯುತ್ತದೆ. ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಪರಿಭ್ರಮಿಸುತ್ತ, ತಮ್ಮ ಸ್ಥಾನವನ್ನೂ ಸಂಕೇತ ಹೊರಟ ಕಾಲವನ್ನೂ ಸಾರುತ್ತಿರುತ್ತವೆ. ಸಂಕೇತವು ನೆಲವನ್ನು ಸೇರಲು ಒಂದು ಸೆಕೆಂಡಿನ ನೂರರಲ್ಲಿ ಏಳೆಂಟು ಭಾಗ ಸಾಕು. ಬೆಳಕಿನ ವೇಗದಿಂದ ಈ ಅವಧಿಯನ್ನು ಗುಣಿಸಿದರೆ ದೂರ ದೊರೆಯುತ್ತದೆ. ಆದರೆ ಗಡಿಯಾರವು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರುಗಳ ದೋಷ ಉಂಟಾಗುವುದು. ಉಪಗ್ರಹದಲ್ಲಿ ಪರಮಾಣು ಗಡಿಯಾರವಿದೆ. ಗ್ರಾಹಕದಲ್ಲಿರುವುದು ಸಾಮಾನ್ಯ ಸ್ಫಟಿಕ ಗಡಿಯಾರ. ಆದಕಾರಣ ಅದರ ದೋಷವನ್ನೂ ಒಂದು ಅಜ್ಞಾತವೆಂದು ಎಣಿಸಿ, ಮೂರು ನಿರ್ದೇಶಾಂಕಗಳೊಡನೆ ಅದನ್ನೂ ಬಿಡಿಸಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕಾಗುತ್ತವೆ.

ಇಷ್ಟರಿಂದ ದೊರೆಯುವ ನಿಖರತೆ ಕೆಲವು ಮೀಟರುಗಳು ಮಾತ್ರ. ಸೆಂಟಿಮೀಟರಿಗಾಗಿ ಗ್ರಾಹಕವು ಸಂಕೇತವನ್ನು ಹೊತ್ತು ತರುವ ಅಲೆಯನ್ನೇ ಅಳೆಗೋಲಾಗಿಸಿಕೊಳ್ಳುತ್ತದೆ. ಆ ಅಲೆಯ ಉದ್ದ ಸುಮಾರು 19 ಸೆಂಟಿಮೀಟರು; ಅದರ ಭಾಗವನ್ನು ಮಿಲಿಮೀಟರುಗಳವರೆಗೆ ಗುರುತಿಸಬಹುದು. ಉಪಗ್ರಹದಿಂದ ಗ್ರಾಹಕದವರೆಗೆ ಪೂರ್ಣ ಅಲೆಗಳೆಷ್ಟು ಎಂಬುದು ಮಾತ್ರ ಮೊದಲಿಗೆ ತಿಳಿಯದು. ಇದನ್ನು ನಿರ್ಧರಿಸಲು, ಸ್ಥಾನ ತಿಳಿದ ಬಿಂದುವಿನಲ್ಲಿ ಎರಡನೆಯ ಗ್ರಾಹಕವನ್ನು ನಿಲ್ಲಿಸಿ, ಎರಡರ ಅಳತೆಗಳನ್ನು ಹೋಲಿಸುತ್ತಾರೆ. ಇಬ್ಬರಿಗೂ ಸಮಾನವಾದ ದೋಷಗಳು ವ್ಯವಕಲನದಲ್ಲಿ ಕಳೆದುಹೋಗುತ್ತವೆ.

ಈ ಸಮಾನತೆ ದೂರದೊಡನೆ ಕುಂದುತ್ತದೆ. ಭಾಲ್ಕಿ, ಔರಾದ ಎರಡೂ ಬೀದರ ನಗರದಿಂದ ನೇರ ಗೆರೆಯಲ್ಲಿ 30 ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿವೆ. ಬೀದರಿನಲ್ಲಿ ಮಾತ್ರ ಆಧಾರ ಗ್ರಾಹಕವಿದ್ದರೆ, ಔರಾದದ ಮೇಲಣ ಅಯಾನುಗೋಳವು ಬೀದರಿನ ಮೇಲಣದಂತೆಯೇ ಇರುವುದೆಂದು ಭಾವಿಸಲಾಗದು. ಹತ್ತಿರದಲ್ಲಿ ಇನ್ನೊಂದು ಆಧಾರಬಿಂದುವನ್ನು ಸ್ಥಾಪಿಸುವುದು, ಇಲ್ಲವೇ ಹಲವು ಶಾಶ್ವತ ನೆಲೆಗಳ ಜಾಲದಿಂದ ತಿದ್ದುಪಡಿ ಪಡೆಯುವುದು ಉಚಿತ.

ಮತ್ತೊಂದು ವಿಷಯವನ್ನು ಗಮನಿಸಬೇಕು. ಗ್ರಾಹಕ ನೀಡುವ ಎತ್ತರವು ಗಣಿತದ ದೀರ್ಘವೃತ್ತಜದಿಂದ ಅಳೆದದ್ದು, ಸಮುದ್ರಮಟ್ಟದಿಂದಲ್ಲ. ದಕ್ಷಿಣ ಭಾರತದಲ್ಲಿ ಇವೆರಡರ ಅಂತರ ಹಲವು ಹತ್ತು ಮೀಟರುಗಳಷ್ಟಿದೆ. ಈ ತಿದ್ದುಪಡಿಯಿಲ್ಲದೆ ಕಾಲುವೆಯ ಮಟ್ಟವನ್ನು ನಿರ್ಣಯಿಸುವಂತಿಲ್ಲ. ಹಾಗೆಯೇ ಹದ್ದುಬಸ್ತಿನಲ್ಲಿ ಯಂತ್ರವು ಬಾಂದುಕಲ್ಲು ಈಗ ಎಲ್ಲಿದೆಯೆಂದು ಹೇಳೀತೇ ಹೊರತು, ಅದು ಮೂಲತಃ ಎಲ್ಲಿತ್ತೆಂದು ಹೇಳಲಾರದು. ಸರಪಳಿಯಿಂದ ಅಳೆದ ಹಳೆಯ ದಾಖಲೆಗೂ ಹೊಸ ನಿರ್ದೇಶಾಂಕಕ್ಕೂ ವ್ಯತ್ಯಾಸ ಕಂಡಾಗ, ಹೊಸದು ಸೂಕ್ಷ್ಮವೆಂಬ ಮಾತ್ರಕ್ಕೆ ರೈತನ ಎಲ್ಲೆ ಸರಿಯಲಾಗದು. ತಿಳಿದ ಬಿಂದುವೊಂದು ದೃಢವಾಗಿದ್ದರೆ ಮಾತ್ರ ಉಳಿದ ಅಳತೆಗೆ ಬೆಲೆಯೆಂಬ ಲ್ಯಾಂಬ್ಟನ್ನನ ಕಾಲದ ನಿಯಮವು ಇಂದಿಗೂ ಅಬಾಧಿತವಾಗಿದೆ.